ಸ್ಪ್ಲಿಟ್‌ನಲ್ಲಿ ಮನೆ, ಬೆಂಗಳೂರಿನಲ್ಲಿ ಕಚೇರಿ: ಓಡಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೊಯೇಷಿಯಾದ ಕರಾವಳಿಯ ಸ್ಪ್ಲಿಟ್ ನಗರದಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುತ್ತೇನೆ ಎಂದು ಗೊತ್ತಾದಂದಿನಿಂದ ಪರಿಚಯದವರೂ ಅವರ ಪರಿಚಯದವರೂ ಒಂದೇ ಬಗೆಯ ಪ್ರಶ್ನೆಗಳನ್ನು ಕಳುಹಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಬೆರಳು ಸವೆಯಿತು. ಎಲ್ಲವನ್ನೂ ಇಲ್ಲಿ ಒಟ್ಟುಮಾಡಿದ್ದೇನೆ. ದರಗಳನ್ನು ಬೇಕೆಂದೇ ಬರೆದಿಲ್ಲ. ಅವು ಪ್ರವಾಸಿಗರ ಹಂಗಾಮು ಬಂದಾಗೊಂದು, ಹೋದಾಗೊಂದು.

ಸ್ವಂತ ಗಾಡಿ ಇಲ್ಲದೆ ಇರಬಹುದೇ?

ಇಲ್ಲದಿದ್ದರೇ ಸುಖ. 2021ರ ಜನಗಣತಿಯ ಲೆಕ್ಕದಲ್ಲಿ ಊರಿನ ಜನಸಂಖ್ಯೆ ಸುಮಾರು 1,60,000. ಸಮುದ್ರದೊಳಕ್ಕೆ ಚಾಚಿಕೊಂಡ ನೆಲದ ಮೇಲೆ ಊರು ಕುಳಿತಿದೆ. ಪಶ್ಚಿಮದ ತುದಿಯಲ್ಲಿ 178 ಮೀಟರ್ ಎತ್ತರದ ಮಾರ್ಯಾನ್ ಗುಡ್ಡ, ದಕ್ಷಿಣಕ್ಕೆ ರಿವಾ ಎಂಬ ಸಮುದ್ರದಂಡೆಯ ಬೀದಿ, ಅದಕ್ಕೆ ಬೆನ್ನು ತಾಗಿಸಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಅರಮನೆ. ಮೆಜೆಸ್ಟಿಕ್‌ನಲ್ಲಿ ಬಸ್ಸೂ ರೈಲೂ ಎದುರುಬದುರು ಇರುವ ಹಾಗೆ ಇಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಜೊತೆಗೆ ಹಡಗುಕಟ್ಟೆಯೂ ಒಂದೇ ರಸ್ತೆಯ ಅಕ್ಕಪಕ್ಕದಲ್ಲಿದೆ. ಅಲ್ಲಿಂದ ಅರಮನೆಯ ಗೋಡೆಗೆ ಐದಾರು ನಿಮಿಷದ ನಡಿಗೆ. ಇನ್ನೊಂದು ದಿಕ್ಕಿನಲ್ಲಿ ಸ್ವಲ್ಪ ನಡೆದರೆ ಬಾಚ್ವಿತ್ಸೆ ಕಡಲತೀರ.

ಆದರೆ ಮೊಬೈಲಿನ ನಕ್ಷೆ ಹೇಳುವ ದೂರವನ್ನು ಮಾತ್ರ ನಂಬಿ ಹೊರಡಬೇಡಿ. ಅದಕ್ಕೆ ಮೀಟರು ಗೊತ್ತು, ಮೆಟ್ಟಿಲು ಗೊತ್ತಿಲ್ಲ.

ಬೆಂಗಳೂರಿನ ಕಚೇರಿ ಸಮಯವನ್ನು ಇಲ್ಲಿನ ಗಡಿಯಾರಕ್ಕೆ ಹೇಗೆ ಹೊಂದಿಸುತ್ತೀರಿ?

ಓಡಾಟದ ಪ್ರಶ್ನೆಗಳ ನಡುವೆ ಇದೇಕೆ ಎನ್ನಬೇಡಿ. ನೀವು ಯಾವ ಬಸ್ಸು ಹತ್ತುತ್ತೀರಿ, ಯಾವ ಹಡಗು ತಪ್ಪಿಸಿಕೊಳ್ಳುತ್ತೀರಿ, ಯಾವ ಬಡಾವಣೆಯಲ್ಲಿ ಮನೆ ಹಿಡಿಯಬೇಕು ಎಂಬುದನ್ನೆಲ್ಲ ಇದೇ ತೀರ್ಮಾನಿಸುತ್ತದೆ.

ಬೇಸಿಗೆಯಲ್ಲಿ ಸ್ಪ್ಲಿಟ್ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇಲ್ಲಿ ಗಡಿಯಾರ ತಿರುಗಿಸುತ್ತಾರೆ. ಬೆಂಗಳೂರಿನಲ್ಲಿ ಯಾರೂ ಏನೂ ತಿರುಗಿಸುವುದಿಲ್ಲ. ಹಾಗಾಗಿ ಬೆಂಗಳೂರಿನ ಬೆಳಗಿನ 9.30ರ ಸಭೆ ಬೇಸಿಗೆಯಲ್ಲಿ ಇಲ್ಲಿ 6ಕ್ಕೆ, ಚಳಿಗಾಲದಲ್ಲಿ 5ಕ್ಕೆ. ಐದಕ್ಕೆ ಎದ್ದು ಕ್ಯಾಮೆರಾ ಮುಂದೆ ಕೂರುವುದು ಜನವರಿಯಲ್ಲಿ ಶಿಕ್ಷೆಯೇ. ಅದಕ್ಕೆ ಪ್ರತಿಯಾಗಿ ಸಿಗುವುದೂ ಇದೆ: ಅಲ್ಲಿ ಸಂಜೆ 6.30 ಆದಾಗ ಇಲ್ಲಿ ಬೇಸಿಗೆಯ ಮಧ್ಯಾಹ್ನ 3. ಸೂರ್ಯ ಮುಳುಗಲು ಇನ್ನೂ ಐದಾರು ಗಂಟೆ ಇರುವಾಗ ನಿಮ್ಮ ದಿನ ಮುಗಿದಿರುತ್ತದೆ.

ಅಮೆರಿಕದ ಪೂರ್ವ ಕರಾವಳಿಯ ಕಂಪನಿಗೆ ಕೆಲಸ ಮಾಡುವವರ ಪಾಡು ತಿರುಗುಮುರುಗು. ಅವರಿಗೆ ಮಧ್ಯಾಹ್ನ 3ರಿಂದ ರಾತ್ರಿ 11ರವರೆಗೆ ಕೆಲಸ, ಬೆಳಗೆಲ್ಲ ಬಿಡುವು. ಅಮೆರಿಕದವರು ಗಡಿಯಾರ ಬದಲಿಸುವ ದಿನ ಬೇರೆಯಾದ್ದರಿಂದ ಮಾರ್ಚ್‌ನಲ್ಲಿ ಕೆಲವು ವಾರ, ಶರತ್ಕಾಲದಲ್ಲಿ ಒಂದು ವಾರ ಆರು ಗಂಟೆಯ ಅಂತರ ಐದಾಗುತ್ತದೆ ಎಂಬುದು ನೆನಪಿರಲಿ. ರಾತ್ರಿ ಹನ್ನೊಂದರ ನಂತರ ಬಸ್ಸು ವಿರಳ. ಇಂಥವರು ಕೆಲಸದ ಜಾಗದಿಂದ ನಡೆದು ಬರುವಷ್ಟು ಹತ್ತಿರದಲ್ಲೇ ಮನೆ ಹುಡುಕುವುದು ಒಳ್ಳೆಯದು.

ವಿಮಾನ ನಿಲ್ದಾಣದಿಂದ ಊರಿಗೆ ಹೇಗೆ ಬರುವುದು?

ವಿಮಾನ ನಿಲ್ದಾಣ ಇರುವುದು ಕಾಶ್ತೆಲಾ ಮತ್ತು ತ್ರೋಗಿರ್ ನಡುವೆ, ಸ್ಪ್ಲಿಟ್‌ನಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ. ಎರಡು ಬಗೆಯ ಬಸ್ಸುಗಳಿವೆ. ವಿಮಾನಗಳ ವೇಳೆ ನೋಡಿಕೊಂಡು ಹೊರಡುವ ಶಟಲ್ ಬಸ್ಸು ನೇರವಾಗಿ ಹಡಗುಕಟ್ಟೆಯ ಪಕ್ಕದ ಮುಖ್ಯ ಬಸ್ ನಿಲ್ದಾಣಕ್ಕೆ ತಂದು ಬಿಡುತ್ತದೆ. ಇನ್ನೊಂದು ನಗರ ಸಾರಿಗೆ ಸಂಸ್ಥೆ ಪ್ರೋಮೆತ್‌ನ 37ನೇ ನಂಬರಿನ ಬಸ್ಸು. ತ್ರೋಗಿರ್‌ನಿಂದ ಬರುವ ಅದು ಅಗ್ಗ. ಆದರೆ ಕಾಶ್ತೆಲಾದ ಏಳು ಊರುಗಳನ್ನೂ ಮಾತನಾಡಿಸಿಕೊಂಡು ಬರುತ್ತದೆ, ಕೊನೆಗೆ ನಿಲ್ಲುವುದು ಹಳೆಯ ಊರಿಗೆ ಉತ್ತರದಲ್ಲಿರುವ ಸುಕೊಯ್‌ಶಾನ್ ನಿಲ್ದಾಣದಲ್ಲಿ. ಅಲ್ಲಿಂದ ಅರಮನೆಗೆ ಕಾಲು ಗಂಟೆಯ ನಡಿಗೆ. ಬೆನ್ನಚೀಲ ಮಾತ್ರ ಇದ್ದರೆ 37, ಎರಡು ಸೂಟ್‌ಕೇಸಿದ್ದರೆ ಶಟಲ್.

ಮನೆ ಯಾವ ಕಡೆ ಹಿಡಿಯಬೇಕು?

ಮೊದಲ ಸಲ ಬಂದವರೆಲ್ಲ ಅರಮನೆಯ ಒಳಗೇ ಮನೆ ಬೇಕು ಎನ್ನುತ್ತಾರೆ. ಸಾವಿರದ ಏಳುನೂರು ವರ್ಷ ಹಳೆಯ ಗೋಡೆಯ ಕಿಟಕಿಯಿಂದ ಸಮುದ್ರ ನೋಡುತ್ತಾ ಕೆಲಸ ಮಾಡುವ ಆಸೆ ನನಗೂ ಇತ್ತು. ಗೋಡೆ ದಪ್ಪವಾದಷ್ಟೂ ಮೊಬೈಲ್ ಸಿಗ್ನಲ್ ತೆಳು. ಬೇಸಿಗೆಯಲ್ಲಿ ನಡುರಾತ್ರಿಯವರೆಗೂ ಕಿಟಕಿಯ ಕೆಳಗೆ ಹಾಡು, ಕುಣಿತ. ಬೆಳಿಗ್ಗೆ ಆರಕ್ಕೆ ನಿಮ್ಮ ಸಭೆ. ಎರಡು ದಿನದ ಪ್ರವಾಸಿಗೆ ಅದು ಸ್ವರ್ಗ, ದುಡಿಯುವವನಿಗಲ್ಲ.

ಅರಮನೆಯ ಪಶ್ಚಿಮಕ್ಕೆ ಮಾರ್ಯಾನ್ ಬುಡದಲ್ಲಿರುವ ವರೋಶ್ ಹಳೆಯ ಬೆಸ್ತರ ಕೇರಿ. ಕಲ್ಲಿನ ಮನೆ, ಹಸಿರು ಬಾಗಿಲು, ಮೆಟ್ಟಿಲ ಮೇಲೆ ಮಲಗಿದ ಬೆಕ್ಕು. ಚಿತ್ರಕ್ಕೆ ಏನೂ ಕೊರತೆಯಿಲ್ಲ. ನನ್ನ ಮೊದಲ ಮನೆ ಅಲ್ಲೇ ಇತ್ತು. 'ಅರಮನೆಯಿಂದ ಐದು ನಿಮಿಷ' ಎಂದು ಮನೆಯ ಒಡತಿ ಹೇಳಿದ್ದು ಸುಳ್ಳಲ್ಲ, ಆದರೆ ಅದು ಇಳಿಯುವಾಗಿನ ಲೆಕ್ಕ. ಟ್ಯಾಕ್ಸಿ ಕೆಳಗಿನ ರಸ್ತೆಯಲ್ಲೇ ನಿಂತಿತು. ಇಪ್ಪತ್ತಮೂರು ಕಿಲೋ ತೂಕದ ಸೂಟ್‌ಕೇಸನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಡುತ್ತಾ ಹೋಗುವಾಗ ಅದರ ಗಾಲಿಗಳು ಕಲ್ಲಿಗೆ ಬಡಿಯುವ ಸದ್ದಿಗೆ ಇಡೀ ಕೇರಿ ಕಿಟಕಿ ತೆರೆಯಿತು. ಮೂರನೆಯ ತಿರುವಿನಲ್ಲಿ ಒಂದು ಗಾಲಿ ಕಳಚಿ ಟಣಟಣ ಎನ್ನುತ್ತಾ ಕೆಳಗುರುಳಿತು. ಒಬ್ಬ ಅಜ್ಜಿ ಅದನ್ನು ಹೆಕ್ಕಿ ತಂದುಕೊಟ್ಟು 'ಪೊಮಾಲೊ' ಎಂದಳು. ನಿಧಾನ, ಅವಸರ ಬೇಡ ಎಂದು ಅರ್ಥ. ಡಾಲ್ಮೇಷಿಯಾ ಎಂಬ ಈ ಕರಾವಳಿ ಸೀಮೆಯಲ್ಲಿ ಎಲ್ಲಕ್ಕೂ ಅದೇ ಉತ್ತರ.

ಈಗ ಇರುವುದು ಗುಡ್ಡದ ಉತ್ತರದ ಸ್ಪಿನುತ್‌ನಲ್ಲಿ. ನೋಡಲು ಸಾಧಾರಣ ಅಪಾರ್ಟ್‌ಮೆಂಟುಗಳು, ಆದರೆ ಲಿಫ್ಟ್ ಇದೆ, ಬಸ್ಸಿದೆ, ನೆರೆಮನೆಯವರು ಚಳಿಗಾಲದಲ್ಲೂ ಇರುತ್ತಾರೆ. ಪೂರ್ವದ 'ಸ್ಪ್ಲಿಟ್ 3' ಬಡಾವಣೆಯನ್ನೂ ನೋಡಿ. ಯುಗೊಸ್ಲಾವಿಯಾ ಕಾಲದಲ್ಲಿ, 1970ರ ದಶಕದಲ್ಲಿ, ಕಟ್ಟಿದ್ದು. ಕಾಂಕ್ರೀಟು ನೋಡಿ ಮೂಗು ಮುರಿಯಬೇಡಿ: ಕಾರುಗಳನ್ನು ಬೇರೆ ದಾರಿಗೆ ತಳ್ಳಿ, ಕಟ್ಟಡಗಳ ನಡುವಿನ ಬೀದಿಗಳನ್ನು ನಡೆಯುವವರಿಗೇ ಬಿಟ್ಟ ಯೋಜನೆ ಅದು. ಸಂಜೆ ಮಕ್ಕಳು ಅಲ್ಲಿ ಆಡುವುದನ್ನು ಕಂಡರೆ ನಮ್ಮ ಬಡಾವಣೆಗಳ ಪಾದಚಾರಿ ಮಾರ್ಗಗಳು ನೆನಪಾಗಿ ಹೊಟ್ಟೆ ಉರಿಯುತ್ತದೆ.

ಒಂದು ಎಚ್ಚರಿಕೆ. ಅನೇಕ ಮಾಲೀಕರು ಸೆಪ್ಟೆಂಬರ್‌ನಿಂದ ಮೇ ಅಥವಾ ಜೂನ್‌ವರೆಗೆ ಮಾತ್ರ ಬಾಡಿಗೆಗೆ ಕೊಡುತ್ತಾರೆ. ಬೇಸಿಗೆಯಲ್ಲಿ ಅದೇ ಮನೆ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ. ಇಡೀ ವರ್ಷಕ್ಕೆ ಎಂದು ಕರಾರಿನಲ್ಲಿ ಬರೆಸಿಕೊಳ್ಳದಿದ್ದರೆ ಜೂನ್ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಾಗುತ್ತದೆ.

ನಗರ ಬಸ್ಸಿನ ವ್ಯವಸ್ಥೆ ಅರ್ಥವಾಗುತ್ತದೆಯೇ?

ಒಂದು ವಾರ ಬೇಕು. ಟಿಕೆಟ್ಟನ್ನು ಚಾಲಕನ ಬಳಿ ಕೊಂಡರೆ ಹೆಚ್ಚು ಬೆಲೆ, ಗೂಡಂಗಡಿಯಲ್ಲಿ ಕೊಂಡರೆ ಕಡಿಮೆ. ಹತ್ತಿದ ಕೂಡಲೇ ಯಂತ್ರಕ್ಕೆ ತೋರಿಸಿ. ಕಿಸೆಯಲ್ಲಿ ಟಿಕೆಟ್ ಇತ್ತು ಎಂಬುದು ತಪಾಸಣೆಯವರ ಮುಂದೆ ನಡೆಯುವುದಿಲ್ಲ. ನಿತ್ಯ ಓಡಾಡುವವರಿಗೆ ತಿಂಗಳ ಪಾಸು.

ಕಷ್ಟ ಕೊಡುವುದು ವೇಳಾಪಟ್ಟಿ. ಅದರಲ್ಲಿ ಮೂರು ಕಂಬಸಾಲುಗಳಿರುತ್ತವೆ: 'ರಾದ್ನಿ ದಾನ್' ಎಂದರೆ ಕೆಲಸದ ದಿನ, 'ಸುಬೊತಾ' ಶನಿವಾರ, 'ನೆದ್ಯೆಲ್ಯಾ ಇ ಬ್ಲಾಗ್ದಾನ್' ಭಾನುವಾರ ಮತ್ತು ಹಬ್ಬ. ಮೊದಲ ಸಾಲು ನೋಡಿಕೊಂಡು ಭಾನುವಾರ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಈ ಪದಗಳು ಜನ್ಮದಲ್ಲಿ ಮರೆಯುವುದಿಲ್ಲ. ಊರ ಹೊರಗೆ ಹೋಗುವ ಬಸ್ಸುಗಳೂ ಇವೆ: 37 ತ್ರೋಗಿರ್‌ಗೆ, 60 ದಕ್ಷಿಣದ ಓಮಿಶ್‌ಗೆ. ಓಮಿಶ್‌ನಲ್ಲಿ ಸೆಟಿನಾ ನದಿ ಕಣಿವೆಯನ್ನು ಸೀಳಿಕೊಂಡು ಸಮುದ್ರ ಸೇರುತ್ತದೆ. ಕೆಲಸ ಮುಗಿಸಿ ಮೂರೂವರೆಗೆ ಹೊರಟರೂ ಬೇಸಿಗೆಯಲ್ಲಿ ನೋಡಿ ಬರಬಹುದು.

ಅರಮನೆಯೊಳಗೆ ದಾರಿ ತಪ್ಪುವುದಿಲ್ಲವೇ?

ತಪ್ಪುತ್ತದೆ, ಆದರೆ ಹೆಚ್ಚು ದೂರ ತಪ್ಪಲು ಜಾಗವಿಲ್ಲ. ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲ, ಅಷ್ಟೆ. ನಾಲ್ಕು ದ್ವಾರಗಳಿಗೆ ನಾಲ್ಕು ಲೋಹದ ಹೆಸರು: ಉತ್ತರಕ್ಕೆ ಚಿನ್ನ, ಪೂರ್ವಕ್ಕೆ ಬೆಳ್ಳಿ, ಪಶ್ಚಿಮಕ್ಕೆ ಕಬ್ಬಿಣ, ದಕ್ಷಿಣಕ್ಕೆ ಕಂಚು. ಬೆಳ್ಳಿ ದ್ವಾರದಿಂದ ಹೊರಬಿದ್ದರೆ ಪಜಾರ್, ಅಂದರೆ ನಮ್ಮ ಬಜಾರೇ. ಕಂಚಿನ ದ್ವಾರದಿಂದ ನೆಲಮಾಳಿಗೆ ದಾಟಿದರೆ ರಿವಾ. ರೋಮನ್ನರ ಜುಪಿಟರ್ ದೇವರ ಗುಡಿಯ ಬಳಿ ಒಂದು ಸಂದಿ ಇದೆ, ಹೆಸರು 'ನನ್ನನ್ನು ಹೋಗಲು ಬಿಡು'. ಎದುರಿನಿಂದ ಯಾರಾದರೂ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕು.

ನೆಲಕ್ಕೆ ಹಾಸಿದ ಸುಣ್ಣಕಲ್ಲು ಶತಮಾನಗಳ ಕಾಲುಗಳಿಂದ ತಿಕ್ಕಿಸಿಕೊಂಡು ಕನ್ನಡಿಯಂತಾಗಿದೆ. ಮಳೆ ಬಿದ್ದರೆ ಎಣ್ಣೆ ಚೆಲ್ಲಿದ ಹಾಗೆ. ಹಿಡಿತವಿರುವ ರಬ್ಬರ್ ಅಟ್ಟೆಯ ಪಾದರಕ್ಷೆ ತನ್ನಿ. ಹವಾಯಿ ಚಪ್ಪಲಿಯಲ್ಲಿ ಮಳೆಯ ದಿನ ಅಲ್ಲಿಗೆ ಹೋಗಬೇಡಿ. ನಾನು ಹೋಗಿದ್ದೆ, ಲ್ಯಾಪ್‌ಟಾಪ್ ಚೀಲವೇ ಮೆತ್ತೆಯಾಯಿತು.

ಟ್ಯಾಕ್ಸಿ, ಸೈಕಲ್, ಬಾಡಿಗೆ ಕಾರು?

ಊಬರ್ ಮತ್ತು ಬೋಲ್ಟ್ ಎರಡೂ ಓಡುತ್ತವೆ. ಹಳೆಯ ಊರಿನೊಳಗೆ ವಾಹನ ಬರುವುದಿಲ್ಲವಾದ್ದರಿಂದ ಕರೆಯುವ ಮುನ್ನ ರಾಷ್ಟ್ರೀಯ ರಂಗಮಂದಿರದ ಕಡೆಗೋ ಹಡಗುಕಟ್ಟೆಯ ಕಡೆಗೋ ನಡೆದು ಬನ್ನಿ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಸಮುದ್ರದಂಡೆಯಲ್ಲೂ ಮಾರ್ಯಾನ್ ಸುತ್ತಲಿನ ದಾರಿಯಲ್ಲೂ ಹಿತ. ಉಳಿದ ಕಡೆ ಏರು, ಇಳಿವು, ಪಕ್ಕದಲ್ಲೇ ಹಾಯುವ ಬಸ್ಸು. ನನಗೆ ಒಗ್ಗಲಿಲ್ಲ. ಕಾರು ಬೇಕಾಗುವುದು ಒಳನಾಡಿನ ಬೆಟ್ಟದೂರುಗಳಿಗೆ ಹೋಗುವಾಗ ಮಾತ್ರ, ಒಂದೆರಡು ದಿನಕ್ಕೆ. ಊರೊಳಗೆ ಅದನ್ನು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಕಾಲ್ನಡಿಗೆಯವನು ಕಾಫಿ ಮುಗಿಸಿರುತ್ತಾನೆ.

ಕೆಲಸ ಎಲ್ಲಿ ಕುಳಿತು ಮಾಡುವುದು?

ಬೆಂಗಳೂರಿನ ಸಮಯದವರಿಗೆ ಮೊದಲ ಎರಡು ಮೂರು ಗಂಟೆ ಮನೆಯೇ ಗತಿ. ಸದಸ್ಯರಿಗೆ ಕೀಲಿ ಕೊಡುವ ಕಡೆ ಬಿಟ್ಟರೆ ಬೆಳಿಗ್ಗೆ ಆರಕ್ಕೆ ಯಾವ ಹಂಚಿಕೆಯ ಕಚೇರಿಯೂ ತೆರೆದಿರುವುದಿಲ್ಲ. ಆದ್ದರಿಂದ ಮನೆ ನೋಡುವಾಗ ಸಮುದ್ರದ ನೋಟಕ್ಕಿಂತ ಮೊದಲು ಇಂಟರ್ನೆಟ್ ವೇಗ ಅಳೆದು ನೋಡಿ. ಮೇಜಿಗೆ ಕುರ್ಚಿ ಇದೆಯೇ ಎಂದೂ ನೋಡಿ. ರಜೆಗೆ ಬರುವವರಿಗಾಗಿ ಸಜ್ಜುಗೊಳಿಸಿದ ಮನೆಗಳಲ್ಲಿ ಮಂಚಕ್ಕಿರುವ ಗೌರವ ಮೇಜಿಗಿಲ್ಲ.

ಕಾಫಿ ಅಂಗಡಿಯಲ್ಲಿ ಒಂದು ಲೋಟ ಇಟ್ಟುಕೊಂಡು ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಇಲ್ಲಿನವರೇ ಹಾಗೆ ಕೂರುತ್ತಾರೆ. ಆದರೆ ಪಕ್ಕದ ಮೇಜಿನ ಸಿಗರೇಟು ಹೊಗೆ ಸಹಿಸಬೇಕು. ಅಲ್ಲಿ ಗಟ್ಟಿಯಾಗಿ ವಿಡಿಯೊ ಸಭೆ ನಡೆಸಬೇಡಿ. ಅದು ಹರಟೆಯ ಜಾಗ, ನಿಮ್ಮ ತ್ರೈಮಾಸಿಕ ಗುರಿಗಳನ್ನು ಕೇಳಲು ಯಾರೂ ಬಂದಿಲ್ಲ.

ದ್ವೀಪಗಳಿಗೆ ವಾರದ ದಿನವೇ ಹೋಗಿ ಬರಬಹುದೇ?

ಬ್ರಾಚ್ ದ್ವೀಪದ ಸುಪೆತಾರ್‌ಗೆ ಖಂಡಿತ. ಕಾರುಗಳನ್ನೂ ಹೊತ್ತೊಯ್ಯುವ ದೊಡ್ಡ ಹಡಗಿಗೆ 'ತ್ರಾಯೆಕ್ತ್' ಎನ್ನುತ್ತಾರೆ. ಸಿಗಂದೂರಿನ ಲಾಂಚಿನಲ್ಲಿ ಬಸ್ಸಿನ ಜೊತೆ ನಿಂತು ಹಿನ್ನೀರು ದಾಟಿದವರಿಗೆ ಅದರ ಬಗೆ ಹೊಸದಲ್ಲ, ಗಾತ್ರ ಹೊಸದು. ಸುಪೆತಾರ್‌ಗೆ 50 ನಿಮಿಷ. ಹ್ವಾರ್ ದ್ವೀಪದ ಸ್ತಾರಿ ಗ್ರಾದ್‌ಗೆ ಸುಮಾರು ಎರಡು ಗಂಟೆ, ದೂರದ ವಿಸ್‌ಗೆ ಅದಕ್ಕಿಂತ ಹೆಚ್ಚು. ಕ್ಯಾಟಮರಾನ್ ಎಂಬ ವೇಗದ ದೋಣಿಗಳು ಜನರನ್ನು ಮಾತ್ರ ಒಯ್ಯುತ್ತವೆ. ಬೇಸಿಗೆಯಲ್ಲಿ ಅವುಗಳ ಟಿಕೆಟ್ ಮುಗಿದುಹೋಗುತ್ತದೆ, ಮೊದಲೇ ಕೊಳ್ಳಿ. ಸರ್ಕಾರಿ ಹಡಗು ಸಂಸ್ಥೆ ಯಾದ್ರೋಲಿನಿಯಾದ ರಾತ್ರಿಯ ಹಡಗು ಹತ್ತಿದರೆ ಬೆಳಗಾಗುವಾಗ ಇಟಲಿಯ ಆಂಕೋನಾದಲ್ಲಿ ಇಳಿಯಬಹುದು.

ಗಾಳಿಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ, ನಿಜವೇ?

ಹೆದರಬೇಕಿಲ್ಲ, ಹೆಸರು ಗೊತ್ತಿರಬೇಕು. 'ಬುರಾ' ಈಶಾನ್ಯದ ಬೆಟ್ಟಗಳಿಂದ ಧುಮುಕುವ ಒಣ ಚಳಿಗಾಳಿ. ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಹಗ್ಗದ ಮೇಲಿನ ಬಟ್ಟೆ ಪಕ್ಕದ ಬೀದಿಯಲ್ಲಿರುತ್ತದೆ. 'ಯೂಗೊ' ಆಗ್ನೇಯದಿಂದ ಬರುವ ತೇವದ ಗಾಳಿ, ಮೋಡ, ಮಳೆ, ಎತ್ತರದ ಅಲೆ. ತಲೆನೋವು, ಜಗಳ, ಕೆಟ್ಟ ಮನಸ್ಸು ಎಲ್ಲವನ್ನೂ ಇಲ್ಲಿನವರು ಯೂಗೊದ ಲೆಕ್ಕಕ್ಕೆ ಹಾಕುತ್ತಾರೆ. 'ಮಾಯೆಸ್ತ್ರಾಲ್' ಬೇಸಿಗೆಯ ಮಧ್ಯಾಹ್ನ ಸಮುದ್ರದಿಂದ ಬೀಸುವ ತಂಗಾಳಿ, ಅದು ವರ.

ಒಂದು ನವೆಂಬರ್ ಶನಿವಾರ ಬ್ರಾಚ್‌ನ ಇನ್ನೊಂದು ಬದಿಯಲ್ಲಿರುವ ಬೋಲ್‌ಗೆ ಹೋಗಿದ್ದೆ. ಮರುದಿನ ಯೂಗೊ ಎದ್ದಿತು, ಕ್ಯಾಟಮರಾನ್ ರದ್ದು. ದಡದಲ್ಲಿ ನಿಂತವರು ಯಾರೂ ಗೊಣಗಲಿಲ್ಲ. ಎಲ್ಲರೂ ತಿರುಗಿ ಬಸ್ಸಿನ ಕಡೆ ನಡೆದರು. ನಾನೂ ಹಿಂದೆ ಹೋದೆ. ಬಸ್ಸು ಬೆಟ್ಟ ದಾಟಿ ಸುಪೆತಾರ್‌ಗೆ ಬಂತು, ಅಲ್ಲಿ ದೊಡ್ಡ ಹಡಗು ಏನೂ ಆಗಿಲ್ಲವೆಂಬಂತೆ ಹೊರಡಲು ಸಿದ್ಧವಾಗಿತ್ತು. ಗಾಳಿಗೆ ಮೊದಲು ನಿಲ್ಲುವುದು ಕ್ಯಾಟಮರಾನ್, ಕೊನೆಗೆ ನಿಲ್ಲುವುದು ತ್ರಾಯೆಕ್ತ್. ಸೋಮವಾರ ಬೆಳಿಗ್ಗೆ ಐದಕ್ಕೆ ಸಭೆ ಇರುವವರು ಭಾನುವಾರದ ಕೊನೆಯ ದೋಣಿಯನ್ನು ನೆಚ್ಚಿಕೊಳ್ಳಬಾರದು.

ದುಬ್ರೋವ್ನಿಕ್‌ಗೆ ಹೋಗುವಾಗ ವೀಸಾ ತೊಂದರೆ ಇದೆಯೇ?

ಇರಬಹುದು. ದಕ್ಷಿಣದ ದುಬ್ರೋವ್ನಿಕ್ ನಗರಕ್ಕೆ ಹೋಗುವ ಕರಾವಳಿ ರಸ್ತೆ ನೇಯುಮ್ ಎಂಬಲ್ಲಿ ಬೋಸ್ನಿಯಾ ದೇಶದ ಕಿರಿದಾದ ಪಟ್ಟಿಯೊಂದನ್ನು ಹಾಯುತ್ತದೆ. 2022ರ ಜುಲೈನಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ದೇಶ ಬಿಡದೆಯೇ ಹೋಗಬಹುದು. ಕ್ರೊಯೇಷಿಯಾ 2023ರ ಜನವರಿ 1ರಂದು ಐರೋಪ್ಯ ದೇಶಗಳ ಒಂದೇ ವೀಸಾದ ಷೆಂಗೆನ್ ವಲಯ ಸೇರಿತು, ಅದೇ ದಿನ ಯೂರೋ ಕೂಡ ಬಂತು. ಬೋಸ್ನಿಯಾ ಆ ವಲಯದ ಹೊರಗಿದೆ. ಹಾಗಾಗಿ ಒಂದೇ ಪ್ರವೇಶದ ಷೆಂಗೆನ್ ವೀಸಾ ಇರುವ ಭಾರತೀಯರು ನೇಯುಮ್ ದಾಟಿದರೆ ಆ ಒಂದು ಪ್ರವೇಶ ಮುಗಿದಂತೆ. ಬಸ್ ಟಿಕೆಟ್ ಕೊಳ್ಳುವಾಗ ಸೇತುವೆ ಮಾರ್ಗವೇ ಎಂದು ಕೇಳಿ. ಮೋಸ್ತಾರ್‌ಗೆ ಒಂದು ದಿನದ ಪ್ರವಾಸ ಎಂದು ಕರೆಯುವವರಿಗೂ ಇದೇ ಮಾತು, ಅದು ಬೋಸ್ನಿಯಾದಲ್ಲಿದೆ.

ರಾಜಧಾನಿ ಜಾಗ್ರೆಬ್‌ಗೆ ರೈಲೋ ಬಸ್ಸೋ?

ಅವಸರವಿದ್ದರೆ ಬಸ್ಸು, ಹೆದ್ದಾರಿಯಲ್ಲಿ ಸುಮಾರು ಐದು ಗಂಟೆ. ಕಿಟಕಿ ಪಕ್ಕ ಕೂತು ಕ್ನಿನ್ ಕಡೆಯ ಬೋಳು ಬೆಟ್ಟ ನೋಡಬೇಕೆಂದರೆ ರೈಲು, ಸುಮಾರು ಆರು ಗಂಟೆ. ರೈಲಿನಲ್ಲಿ ಸಭೆ ಇಟ್ಟುಕೊಳ್ಳಬೇಡಿ, ಸುರಂಗಗಳಿವೆ.

ಪ್ರವಾಸಿ ವೀಸಾದಲ್ಲೇ ಬಂದು ಕೆಲಸ ಮಾಡಬಹುದೇ?

ಬೇಡ. ಅದು ಪ್ರವಾಸಕ್ಕೆ ಕೊಟ್ಟದ್ದು, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಐರೋಪ್ಯ ಒಕ್ಕೂಟದ ಹೊರಗಿನವರಿಗಾಗಿ ಕ್ರೊಯೇಷಿಯಾ 2021ರಿಂದ ಡಿಜಿಟಲ್ ಅಲೆಮಾರಿಗಳ, ಅಂದರೆ ಹೊರದೇಶದ ಕಂಪನಿಗೆ ದೂರದಿಂದಲೇ ದುಡಿಯುವವರ, ತಾತ್ಕಾಲಿಕ ವಾಸದ ಪರವಾನಗಿ ಕೊಡುತ್ತಿದೆ. ಆದಾಯ ಅಥವಾ ಉಳಿತಾಯದ ಪುರಾವೆ, ಆರೋಗ್ಯ ವಿಮೆ, ಪೊಲೀಸ್ ಪ್ರಮಾಣಪತ್ರ, ವಿಳಾಸ ಬೇಕು. ಕ್ರೊಯೇಷಿಯಾದ ಕಂಪನಿಗಳಿಗೆ ಕೆಲಸ ಮಾಡುವಂತಿಲ್ಲ. ಆ ದೂರದ ಕೆಲಸದ ಗಳಿಕೆಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಭಾರತದಲ್ಲಿ ಎಷ್ಟು ಕಟ್ಟಬೇಕೆಂಬುದನ್ನು ನಿಮ್ಮ ಆಡಿಟರ್ ಹೇಳಲಿ, ನಾನಲ್ಲ.

ಭಾನುವಾರ ಮತ್ತು ಹಬ್ಬಗಳಂದು ಊರು ಹೇಗಿರುತ್ತದೆ?

2023ರ ಜುಲೈಯಿಂದ ಅಂಗಡಿಗಳು ವರ್ಷಕ್ಕೆ 16 ಭಾನುವಾರ ಮಾತ್ರ ತೆರೆಯಬಹುದು ಎಂಬ ಕಾನೂನಿದೆ. ಶನಿವಾರವೇ ಅಕ್ಕಿ, ಹಾಲು ತಂದಿಡಿ. ಪಜಾರ್‌ನಲ್ಲಿ ತರಕಾರಿ ಬೇಕಿದ್ದರೆ ಮಧ್ಯಾಹ್ನಕ್ಕೆ ಮೊದಲೇ ಹೋಗಬೇಕು, ಅಂದರೆ ಬೆಂಗಳೂರಿನವರು ಊಟ ಮುಗಿಸಿ ಮರಳುವ ಮುನ್ನ ಓಡಿ ಬರಬೇಕು. ಸಸ್ಯಾಹಾರಿಗಳು ಅಲ್ಲಿ 'ಸೋಪರ್ನಿಕ್' ಕೇಳಿ: ತೆಳ್ಳನೆಯ ಎರಡು ರೊಟ್ಟಿಗಳ ನಡುವೆ ಸೊಪ್ಪು ತುಂಬಿ ಸುಟ್ಟದ್ದು. ಬಸ್ಸಿಗೆ ಕಾಯುವಾಗ ಅದಕ್ಕಿಂತ ಒಳ್ಳೆಯ ತಿಂಡಿ ನಾನು ಕಂಡಿಲ್ಲ.

ಮೇ 7 ಊರ ದೇವರು ಸಂತ ದುಯೆಯ ದಿನ. ರಿವಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗಸ್ಟ್ 15 ಮೇರಿ ಮಾತೆಯ ಹಬ್ಬ, ಸರ್ಕಾರಿ ರಜೆ. ನಿಮ್ಮ ಕಚೇರಿಗೂ ಅಂದು ರಜೆಯಾದ್ದರಿಂದ ಎರಡು ಕ್ಯಾಲೆಂಡರುಗಳು ಹೊಂದುವ ಅಪರೂಪದ ದಿನ, ಆದರೆ ಬಸ್ಸು ಹಬ್ಬದ ವೇಳಾಪಟ್ಟಿಯಲ್ಲಿ.

ಇನ್ನೊಂದು ನವೆಂಬರ್ 1. ನಮಗೆ ರಾಜ್ಯೋತ್ಸವ, ಇಲ್ಲಿ ಸಕಲ ಸಂತರ ದಿನ, ಅಗಲಿದವರ ಸಮಾಧಿಗೆ ಹೂವಿಡುವ ಹಬ್ಬ. ಊರಿಗೆ ಊರೇ ಪೂರ್ವದ ಲೋವ್ರಿನಾತ್ಸ್ ಸ್ಮಶಾನದ ಕಡೆ ಹೊರಡುತ್ತದೆ. ಆ ಕಡೆಯ ಬಸ್ಸಿನಲ್ಲಿ ಸೀಟು ನಿರೀಕ್ಷಿಸಬೇಡಿ. ನಿಂತವರ ಕೈಯಲ್ಲೆಲ್ಲ ಹಳದಿ, ಬಿಳಿ ಸೇವಂತಿಗೆಯ ಕುಂಡಗಳು. ತಿರುವಿನಲ್ಲಿ ಯಾರಾದರೂ ಒಂದನ್ನು ಹಿಡಿದುಕೊಳ್ಳಿ ಎಂದು ನಿಮ್ಮ ಕೈಗೆ ಕೊಟ್ಟರೆ ಇಳಿಯುವವರೆಗೂ ಹಿಡಿದುಕೊಂಡಿರಿ.